ಫ್ರೀ ಇಲ್ಲದ ಸೈಕಲ್ಲು

ನನಗೊಂದು ಚಟವಿದೆ. ಎಲ್ಲಿ ಸೈಕಲ್ಲು ನಿಂತಿದ್ದರೂ ಕೈ ಸುಮ್ಮನಿರುವುದಿಲ್ಲ. ಹಿಂದಿನ ಗಾಲಿಯನ್ನು ಒಂದಿಷ್ಟು ಎತ್ತಿ, ಪೆಡಲನ್ನು ಉಲ್ಟಾ ತಿರುಗಿಸಿ, ಬಗ್ಗಿ ಕಿವಿಗೊಟ್ಟು ಕೇಳುತ್ತೇನೆ. ಟಿಕ್ ಟಿಕ್ ಟಿಕ್ ಎಂದು ಸದ್ದು ಬಂದರೆ ಜೀವಕ್ಕೆ ಸಮಾಧಾನ. ಬರದಿದ್ದರೆ ಆ ಸೈಕಲ್ಲಿನವರನ್ನು ಹುಡುಕಿಕೊಂಡು ಹೋಗಿ, ‘ನಿಮ್ಮ ಫ್ರೀ ಹೋಗೈತಿ ನೋಡ್ರಿ’ ಎಂದು ಹೇಳಿ ಬಂದರೇನೇ ಉಂಡದ್ದು ಅರಗುವುದು. ಕೆಲವರು ಕಂಡವರ ಮಕ್ಕಳ ಕೆನ್ನೆ ಹಿಂಡುತ್ತಾರಲ್ಲ, ನನ್ನದೂ ಅದೇ ಜಾತಿಯ ಕಾಯಿಲೆ.

ಮೊನ್ನೆ ಸಂಡೂರಿನಲ್ಲಿ ನೆಂಟರ ಮದುವೆ. ಊಟ ಮುಗಿಸಿ ಕೈ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಮ್ಮ ಮನೆಯವರು ಹುಡುಕಿಕೊಂಡು ಬಂದರು. ನಾನು ಪೆಂಡಾಲಿನ ಹಿಂದೆ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಯಾರದೋ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅದರ ಯಜಮಾನನಾದ ಮುದುಕ ಪಕ್ಕದಲ್ಲೇ ನಿಂತು, ‘ಯಾಕವ್ವ, ಗಾಳಿ ಬಿಡಾಕತ್ತೀಯೇನು? ನಾ ನಿನಗೇನು ಮಾಡೀನಿ?’ ಎಂದು ಕೇಳುತ್ತಿದ್ದ. ನಮ್ಮ ಮನೆಯವರು, ‘ಏಳು, ಇದು ಲಗ್ನದ ಮನಿ, ನಿನ್ನ ಸ್ಟ್ಯಾಂಡ್ ಅಲ್ಲ’ ಎಂದು ಕರೆದುಕೊಂಡು ಹೋದರು.

ಸ್ಟ್ಯಾಂಡ್ ಎಂದರೆ ಹಂಪಿಯಲ್ಲಿರುವ ನನ್ನ ಬಾಡಿಗೆ ಸೈಕಲ್ಲಿನ ಸ್ಟ್ಯಾಂಡು. ಗುಡಿ ನೋಡಲು ಬಂದವರಿಗೆ ಬೆಳಿಗ್ಗೆ ಸೈಕಲ್ಲು ಕೊಟ್ಟು ಸಂಜೆ ವಾಪಸ್ ಪಡೆಯುವುದು ನನ್ನ ಕಸುಬು. ಕೊಡುವಾಗ ನೆಟ್ಟಗಿದ್ದ ಸೈಕಲ್ಲು ವಾಪಸ್ಸಾಗುವಾಗ ಹ್ಯಾಂಡಲ್ಲು ಒಂದು ಕಡೆ, ಗಾಲಿ ಒಂದು ಕಡೆ ನೋಡುತ್ತ ಬರುತ್ತದೆ. ಹಾಗಾಗಿ ಪಂಕ್ಚರು, ಬೆಂಡು, ಚೈನು ಎಲ್ಲವನ್ನೂ ನಾನೇ ನೋಡಿಕೊಳ್ಳಲು ಕಲಿತೆ. ಅಲ್ಲಿಯವರು ನನ್ನನ್ನು ಸೈಕಲ್ ಅಕ್ಕ ಎನ್ನುತ್ತಾರೆ. ನಮ್ಮವ್ವ ಇಟ್ಟ ಹೆಸರು ನನಗೇ ಆಧಾರ್ ಕಾರ್ಡು ನೋಡಿದಾಗ ನೆನಪಾಗುತ್ತದೆ.

ಇನ್ನು ಫ್ರೀ ಎಂದರೇನು ಎಂದು ಕಾರಿನಲ್ಲಿ ಓಡಾಡುವವರಿಗೆ ಹೇಳಬೇಕಾಗುತ್ತದೆ. ಹಿಂದಿನ ಗಾಲಿಯ ನಡುವೆ, ಚೈನು ಸುತ್ತಿಕೊಂಡಿರುವ ಹಲ್ಲಿನ ಬಿಲ್ಲೆಯೇ ಫ್ರೀ. ಪೂರಾ ಹೆಸರು ಫ್ರೀವೀಲು. ನೀವು ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತನ್ನಷ್ಟಕ್ಕೆ ಓಡುತ್ತದಲ್ಲ, ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟುಕೊಂಡು ಗಾಳಿ ಕುಡಿಯುತ್ತ ಹೋಗುತ್ತೀರಲ್ಲ, ಅದು ಈ ಬಿಲ್ಲೆಯ ಉಪಕಾರ. ಅದರೊಳಗೆ ಧೂಳು, ತುಕ್ಕು ಸೇರಿ ಕಚ್ಚಿಕೊಂಡರೆ ಗಾಲಿ ತಿರುಗಿದಷ್ಟೂ ಪೆಡಲು ತಿರುಗುತ್ತದೆ, ಪೆಡಲು ತಿರುಗಿದಷ್ಟೂ ನಿಮ್ಮ ಕಾಲು ತಿರುಗಬೇಕು. ಆಗ ಸೈಕಲ್ಲನ್ನು ನೀವು ಹೊಡೆಯುವುದಲ್ಲ, ಸೈಕಲ್ಲು ನಿಮ್ಮನ್ನು ಹೊಡೆಯುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತು. ಕಂಪ್ಲಿಯಲ್ಲಿ ನಾನು ಹುಡುಗಿಯಾಗಿದ್ದಾಗ ತಾಸಿನ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಯೊಂದಿತ್ತು. ಅಂಗಡಿಯ ತಾತ ಒಳ್ಳೆಯ ಸೈಕಲ್ಲುಗಳನ್ನು ಗಂಡುಹುಡುಗರಿಗೆ ಕೊಟ್ಟು, ‘ಹೆಣ್ಣಮಕ್ಕಳು ಎಲ್ಲಿಗೆ ಹೋಗೋದೈತಿ’ ಎಂದು ಫ್ರೀ ಕಚ್ಚಿದ್ದನ್ನು ನಮಗೆ ಇಟ್ಟಿದ್ದ. ಸೀಟಿಗೆ ಎಟುಕದ ವಯಸ್ಸು. ನಡುವಿನ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದೆವು. ಒಂದು ದಿನ ರೈಸ್ ಮಿಲ್ಲಿನ ಹತ್ತಿರದ ಇಳಿಜಾರಿನಲ್ಲಿ ಆ ಸೈಕಲ್ಲಿಗೆ ತನ್ನದೇ ಒಂದು ವಿಚಾರ ಹೊಳೆಯಿತು. ಪೆಡಲು ಗಿರಗಿರ ತಿರುಗತೊಡಗಿತು, ಅದರೊಡನೆ ನನ್ನ ಕಾಲೂ. ಬ್ರೇಕು ಹಿಡಿದರೆ ಅದು ಕೈಯಲ್ಲೇ ಬಂತು. ಮಿಲ್ಲಿನ ಅಂಗಳದಲ್ಲಿ ಬತ್ತ ಒಣಹಾಕಿದ್ದರು. ಅದರ ಈ ಅಂಚಿನಿಂದ ಆ ಅಂಚಿನವರೆಗೆ ಉದ್ದಕ್ಕೆ ಗೆರೆ ಎಳೆದುಕೊಂಡು ಹೋಗಿ, ಅತ್ತ ಕಡೆ ಪೇರಿಸಿಟ್ಟಿದ್ದ ತೌಡಿನ ಚೀಲಕ್ಕೆ ತಲೆಕೊಟ್ಟು ನಿಂತೆ. ಬತ್ತ ಕೆದಕುತ್ತಿದ್ದ ಹೆಂಗಸರಲ್ಲೊಬ್ಬಳು, ‘ಕೆದಕೋದು ಕೆದಕಿದಿ, ಅತ್ತಾಗಿನ ಸಾಲೂ ಕೆದಕಿ ಹೋಗವ್ವ’ ಅಂದಳು. ಅಂದಿನಿಂದ, ಬಾವಿಗೆ ಬಿದ್ದು ಎದ್ದ ಎಮ್ಮೆಯಂತೆ, ಫ್ರೀ ಕಚ್ಚಿದ ಸೈಕಲ್ಲೆಂದರೆ ನನಗೆ ಎದೆ ನಡುಕ.

ಇದು ಚಟದ ಮಾತಾಯಿತು. ಈಗ ದೋಷದ ಮಾತು. ಚಟವನ್ನು ನಗುತ್ತ ಹೇಳಬಹುದು, ದೋಷ ಹಾಗಲ್ಲ. ಆದರೂ ಹೇಳಿಬಿಡುತ್ತೇನೆ. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ.

ಆರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಕಡಿಮೆ ಓದಿದವರಿಗೆ ಈ ಮಾತು ಎಷ್ಟು ಭಾರ ಎಂದು ಹೆಚ್ಚು ಓದಿದವರಿಗೆ ತಿಳಿಯದು. ಅವರು ‘ಗೊತ್ತಿಲ್ಲ’ ಎಂದರೆ ವಿನಯ, ನಾವು ಎಂದರೆ ‘ಪಾಪ, ಓದಿಲ್ಲ’. ಹಾಗಾಗಿ ಯಾರು ಏನು ಕೇಳಿದರೂ ಉತ್ತರ ಕೊಟ್ಟೇ ತೀರುತ್ತೇನೆ. ಒಮ್ಮೆ ಪ್ರವಾಸಿಗಳ ಗುಂಪೊಂದು ನನ್ನ ಸ್ಟ್ಯಾಂಡಿನ ಹತ್ತಿರದ ಉದ್ದನೆಯ ಕಲ್ಲಿನ ದೋಣಿ ತೋರಿಸಿ ಅದೇನೆಂದು ಕೇಳಿತು. ರಾಜನ ಆನೆಗಳು ಮಜ್ಜಿಗೆ ಕುಡಿಯುತ್ತಿದ್ದ ಪಾತ್ರೆ ಎಂದೆ. ಬೇಸಿಗೆಯಾಗಿತ್ತು, ನನಗೆ ಮಜ್ಜಿಗೆಯ ನೆನಪಾಗಿತ್ತು, ಅಷ್ಟೇ. ಮುಂದಿನ ವರ್ಷ ಒಬ್ಬ ಗೈಡು ಅದೇ ಕಲ್ಲಿನ ಮುಂದೆ ನಿಂತು, ಆನೆಗಳಿಗೆ ಮಜ್ಜಿಗೆಯಲ್ಲಿ ಶುಂಠಿ, ಕರಿಬೇವು ಹಾಕಿ ಕೊಡುತ್ತಿದ್ದರು ಎಂದು ವಿವರಿಸುವುದನ್ನು ಕೇಳಿದೆ. ಒಗ್ಗರಣೆ ಅವನದು, ಮಜ್ಜಿಗೆ ಮಾತ್ರ ನನ್ನದು. ಇಂಥದ್ದರಿಂದ ಯಾರಿಗೂ ಕೇಡಾಗಲಿಲ್ಲ, ಆನೆಗಳೂ ದೂರು ಹೇಳಲಿಲ್ಲ. ಕೇಡಾದದ್ದು ನನ್ನ ತಂಗಿಗೆ.

ತಂಗಿಯ ಹೆಸರು ಹುಲಿಗೆಮ್ಮ. ಮನೆಯಲ್ಲಿ ಹುಲಿಗಿ. ನನಗೂ ಅವಳಿಗೂ ತುಂಬಾ ಅಂತರ. ನಾನು ಮದುವೆಯಾಗಿ ಹೊಸಪೇಟೆ ಪಕ್ಕದ ಕಡ್ಡಿರಾಂಪುರಕ್ಕೆ ಬಂದಾಗ ಅವಳಿನ್ನೂ ಮೂಗು ಒರೆಸಿಕೊಳ್ಳಲು ಕಲಿಯುತ್ತಿದ್ದಳು. ರಜೆ ಬಂತೆಂದರೆ ನನ್ನ ಮನೆಗೆ ಬರುತ್ತಿದ್ದಳು. ನನ್ನ ಬಾಡಿಗೆ ಸೈಕಲ್ಲುಗಳನ್ನೇ ಹತ್ತಿ ಹತ್ತಿ, ಕೊನೆಗೆ ಸೈಕಲ್ ರೇಸಿನ ಹುಡುಗಿಯರ ಹಾಸ್ಟೆಲಿಗೆ ಸೇರಿದಳು. ಅಲ್ಲಿ ಅವಳಿಗೆ ಹಿಡಿಸಿದ್ದು ಟ್ರ್ಯಾಕ್ ರೇಸು. ರಸ್ತೆಯಲ್ಲಲ್ಲ, ದುಂಡಗೆ ಕಟ್ಟಿದ ಅಂಗಳದಲ್ಲಿ ಸುತ್ತುವುದು. ಇಷ್ಟು ದಿನ ಹಾಸ್ಟೆಲಿನ ಹಳೆಯ ಸೈಕಲ್ಲಿನಲ್ಲಿ ಓಡಿಸಿದಳು. ರಾಜ್ಯದ ತಂಡಕ್ಕೆ ಆರಿಸುವ ಓಟ ವಿಜಯಪುರದಲ್ಲಿ ಬರುತ್ತದೆ, ಅಷ್ಟರೊಳಗೆ ಸ್ವಂತದ್ದೊಂದು ಇದ್ದರೆ ಒಳ್ಳೆಯದು ಎಂದು ಅವಳ ತರಬೇತಿಯ ಸರ್ ಹೇಳಿದರು. ಆ ಓಟ ಈ ವರ್ಷ ತಪ್ಪಿದರೆ ಅವಳ ವಯಸ್ಸಿನ ಗುಂಪೇ ದಾಟಿಹೋಗುತ್ತದೆ. ನನ್ನ ಮನೆಯವರು ಸಂಡೂರು ಕಡೆ ಅದಿರಿನ ಲಾರಿ ಓಡಿಸುತ್ತಾರೆ. ವಿಷಯ ಕೇಳಿ, ‘ಹುಡುಗಿ ಕೇಳ್ಯಾಳ, ಕೊಡಸೂಣು ಬಿಡು’ ಎಂದು ಕೆಂಧೂಳಿನ ಮುಖ ತೊಳೆಯಲು ಹೋದರು. ಅವರ ಮಾತು ಯಾವಾಗಲೂ ಅಷ್ಟೇ.

ಸೈಕಲ್ಲು ಹೊಸಪೇಟೆಯ ಪಂಪಾಪತಿ ಸಾವ್ಕಾರರ ಅಂಗಡಿಗೆ ಡಬ್ಬಿಯಲ್ಲಿ ಬಂತು. ನನ್ನ ಸ್ಟ್ಯಾಂಡಿನ ಟೈರು, ಟ್ಯೂಬು, ಫ್ರೀ ಎಲ್ಲವನ್ನೂ ನಾನು ಅವರಲ್ಲೇ ಕೊಳ್ಳುವುದು. ಓಟಕ್ಕೆ ಎರಡು ದಿನ ಇರುವಾಗ ಹುಲಿಗಿ ಊರಿಗೆ ಬಂದಳು, ಇಬ್ಬರೂ ಹೋದೆವು. ಸಾವ್ಕಾರರು ಡಬ್ಬಿ ಬಿಚ್ಚಿ, ನೆಲದ ಮೇಲೆ ಪೇಪರು ಹಾಸಿ, ಒಂದೊಂದೇ ಭಾಗವನ್ನು ಎಡೆ ಬಡಿಸಿದಂತೆ ಇಟ್ಟರು. ಜೋಡಿಸುವುದು ಹುಲಿಗಿಯೇ. ಹಾಸ್ಟೆಲಿನಲ್ಲಿ ಅದನ್ನೂ ಕಲಿಸುತ್ತಾರಂತೆ.

ಅವಳು ಪರೀಕ್ಷೆ ಮಾಡುವ ರೀತಿ ನೋಡಬೇಕಿತ್ತು. ಗಾಲಿಯ ನಡುವಿನ ಹಬ್ಬನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ತಿರುಗಿಸಿ, ನಾಡಿ ನೋಡುವ ವೈದ್ಯರಂತೆ ಮುಖ ಮಾಡಿದಳು. ಚೈನನ್ನು ಅಡ್ಡಡ್ಡ ಬಾಗಿಸಿ ನೋಡಿದಳು. ರಿಮ್ಮನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಂದು ಕಣ್ಣು ಕಿರಿದು ಮಾಡಿದಳು. ನಾನೇನು ಸುಮ್ಮನಿರಲಿ? ಮುಂದಿನ ಫೋರ್ಕಿಗೆ ಬೆರಳ ಗೆಣ್ಣಿನಿಂದ ಬಡಿದೆ. ಕಬ್ಬಿಣವಾಗಿದ್ದರೆ ಟಣ್ ಎನ್ನಬೇಕು. ಇದು ಕುಂಬಳಕಾಯಿಯಂತೆ ಡೊಬ್ ಎಂದಿತು.

‘ಸಾವ್ಕಾರ್ರ, ಇದು ಪ್ಲಾಸ್ಟಿಕ್ ಐತಿ.’

‘ಪ್ಲಾಸ್ಟಿಕ್ ಅಲ್ಲಮ್ಮ, ಕಾರ್ಬನ್ನು.’

‘ಕಾರ್ಬನ್ ಅಂದ್ರ? ಪೊಲೀಸ್ ಠಾಣೆಯಾಗ ಕಾಗದದ ನಡುವ ಇಡ್ತಿದ್ರಲ್ಲ, ಅದಾ?’

ಹುಲಿಗಿ ತಲೆ ಎತ್ತದೆ, ‘ಅಕ್ಕ, ನೀ ಸುಮ್ಮನ ಕುಂದ್ರು’ ಅಂದಳು.

ಕುಳಿತೆ. ಆದರೆ ಕೈ ಕುಳಿತಿರಲಿಲ್ಲ. ಚೌಕಟ್ಟನ್ನು ಎತ್ತಿ ನೋಡಿದರೆ ಏನೇನೂ ತೂಕವಿಲ್ಲ. ಅದಿರಿನ ಸೀಮೆಯ ಹೆಂಗಸು ನಾನು. ನಮ್ಮಲ್ಲಿ ಏನನ್ನಾದರೂ ಕೊಳ್ಳುವಾಗ ಎತ್ತಿ ನೋಡಿ, ಭಾರವಿದ್ದರೆ ಗಟ್ಟಿ, ಗಟ್ಟಿಯಿದ್ದರೆ ಒಳ್ಳೆಯದು ಎನ್ನುತ್ತೇವೆ. ಇಲ್ಲಿ ಹಗುರವಾದಷ್ಟೂ ತುಟ್ಟಿಯಂತೆ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಸೀಟು ಹುಣಸೆಕಾಯಿಯಷ್ಟು. ಬೆಲ್ಲಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಬ್ರೇಕು ಎಲ್ಲಿ ಎಂದು ಡಬ್ಬಿಯೊಳಗೆ ಕೈಯಾಡಿಸಿದೆ.

‘ಬ್ರೇಕ್ ಇರಂಗಿಲ್ಲಕ್ಕ ಇದಕ್ಕ’ ಎಂದಳು ಹುಲಿಗಿ.

‘ಮತ್ತ ಹೆಂಗ ನಿಲ್ಲಸ್ತೀ?’

‘ಕಾಲಾಗ ನಿಲ್ಲಸ್ತೀವಿ.’

ನನಗೆ ಅರ್ಥವಾಯಿತು. ಕಂಪ್ಲಿಯಲ್ಲಿ ನಾವೂ ಹಾಗೆಯೇ ನಿಲ್ಲಿಸುತ್ತಿದ್ದೆವು, ಚಪ್ಪಲಿಯನ್ನು ನೆಲಕ್ಕೆ ಉಜ್ಜಿ. ಇಷ್ಟು ಮುಂದುವರಿದ ಕಾಲದಲ್ಲೂ ಅದನ್ನೇ ಕಲಿಸುತ್ತಾರಲ್ಲ ಎಂದು ಹಾಸ್ಟೆಲಿನ ಬಗ್ಗೆ ಗೌರವ ಮೂಡಿತು. ಕೇಳಿದ್ದರೆ ಅವಳು ಬಿಡಿಸಿ ಹೇಳುತ್ತಿದ್ದಳು. ನಾನು ‘ಹೂಂ, ಗೊತ್ತು’ ಎಂದುಬಿಟ್ಟೆ.

ಅಷ್ಟರಲ್ಲಿ ಅವಳ ಸರ್ ಅವರಿಂದ ಫೋನು ಬಂತು, ಮಾತಾಡಲು ಹೊರಗೆ ಹೋದಳು. ನಾನು ವ್ಯವಹಾರಕ್ಕೆ ಇಳಿದೆ. ಸಾಮಾನು ಕೊಂಡಮೇಲೆ ಫ್ರೀಯಾಗಿ ಏನನ್ನಾದರೂ ಕೇಳದೆ ಎದ್ದು ಬರುವುದು ನಮ್ಮ ವಂಶದಲ್ಲಿ ಇಲ್ಲ. ನಮ್ಮವ್ವ ತರಕಾರಿಯ ಮೇಲೆ ಕೊತ್ತಂಬರಿ, ಕೊತ್ತಂಬರಿಯ ಮೇಲೆ ಎರಡು ಹಸಿಮೆಣಸಿನಕಾಯಿ ಕೇಳಿ ಪಡೆದವಳು.

‘ಎಲ್ಲಾ ಸರಿ ಸಾವ್ಕಾರ್ರ, ಫ್ರೀ ಏನೈತಿ?’

‘ಇದಕ್ಕ ಫ್ರೀ ಇಲ್ಲಮ್ಮ.’

‘ಇಷ್ಟು ದೊಡ್ಡ ಸೈಕಲ್ಲಿಗೆ ಫ್ರೀ ಇಲ್ಲಂದ್ರ?’

‘ಟ್ರ್ಯಾಕ್ ಸೈಕಲ್ಲಿಗೆ ಫ್ರೀ ಬರಂಗೇ ಇಲ್ಲ. ಕಂಪನಿಯವರ ಹಾಕಂಗಿಲ್ಲ.’

‘ಕಂಪನಿಯವರು ಹಾಕದಿದ್ರ ನೀವು ಹಾಕ್ರಿ. ಎಷ್ಟು ವರ್ಷದ ಗಿರಾಕಿ ನಾನು.’

‘ನಾನೂ ಹಾಕಬಾರದಮ್ಮ. ಹಾಕಿದ್ರ ಸೈಕಲ್ ಕೆಲಸಕ್ಕ ಬರಂಗಿಲ್ಲ.’

‘ಫ್ರೀ ಕೊಟ್ರ ಸೈಕಲ್ ಕೆಡೋದು ಇವತ್ತ ಕೇಳಿದ್ನಿ ನಾನು.’

ಸಾವ್ಕಾರರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಿಂದಿನ ಕಪಾಟಿನಿಂದ ಒಂದು ನೀರಿನ ಬಾಟಲಿ ತೆಗೆದು ಕೈಗಿಟ್ಟರು. ‘ತಗೋಳಮ್ಮ. ಇದನ್ನ ತಗೊಂಡು ನನ್ನ ಬಿಡು.’

ಗೆದ್ದೆನೆಂದು ಬಾಟಲಿಯನ್ನು ಎದೆಗವಚಿಕೊಂಡು ಬಂದೆ.

ಮನೆಗೆ ಬಂದು ಹುಲಿಗಿ ಅಂಗಳದಲ್ಲಿ ಕೂತು ಸೈಕಲ್ಲು ಜೋಡಿಸಿದಳು. ಮುಟ್ಟಲು ಹೋದರೆ ಕೈ ಮೇಲೆ ಪಟ್ಟನೆ ಹೊಡೆದಳು. ಕೆಲಸ ಮುಗಿಸಿ, ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ ಉಂಡು, ‘ನಾಳೆ ಬೆಳಿಗ್ಗೆ ಕಾಲುವಿ ದಂಡಿಗುಂಟ ಒಂದ್ ಸಲ ಓಡ್ಸಿ ನೋಡ್ತೀನಿ, ಸಂಜಿ ಬಸ್ಸಿಗೆ ಹೋಗೂಣು’ ಎಂದು ಹೇಳಿ ಮಲಗಿದಳು. ಹುಲಿಗಿಯ ನಿದ್ದೆ ಎಂದರೆ ಊರ ಡೊಳ್ಳು ತಂದು ಬಡಿದರೂ ಮಗ್ಗುಲು ಬದಲಿಸದ ನಿದ್ದೆ.

ಸೈಕಲ್ಲು ಗೋಡೆಗೆ ಒರಗಿತ್ತು. ಸುತ್ತ ಯಾರೂ ಇರಲಿಲ್ಲ. ಮುಂದೇನಾಯಿತೆಂದು ನೀವೇ ಊಹಿಸಿರುತ್ತೀರಿ. ಗಾಲಿ ಎತ್ತಿದೆ, ಪೆಡಲು ಉಲ್ಟಾ ತಿರುಗಿಸಿದೆ.

ಟಿಕ್ ಇಲ್ಲ, ಟಕ್ ಇಲ್ಲ. ಪೆಡಲಿನ ಜೊತೆಗೆ ಗಾಲಿಯೇ ಉಲ್ಟಾ ತಿರುಗಿತು.

ಹೊಚ್ಚಹೊಸ ಸೈಕಲ್ಲು, ಫ್ರೀ ಕಚ್ಚಿಕೊಂಡಿದೆ. ಕಣ್ಣ ಮುಂದೆ ರೈಸ್ ಮಿಲ್ಲಿನ ಅಂಗಳ ಬಂತು. ಹುಲಿಗಿಯ ಕಾಲು ಗಿರಗಿರ ತಿರುಗುವುದು, ಅವಳು ವಿಜಯಪುರದ ಗೋಡೆಗೆ ತಲೆಕೊಡುವುದು, ಎಲ್ಲ ಕಂಡಿತು. ಎಬ್ಬಿಸೋಣವೆಂದು ಬಾಗಿಲವರೆಗೆ ಹೋದೆ. ಎಬ್ಬಿಸಿ ಕೇಳುವುದೇನು? ಸೈಕಲ್ ಅಕ್ಕ ಎಂದು ಊರೆಲ್ಲ ಕರೆಯುವ ನಾನು, ನಿನ್ನೆ ಮೊನ್ನೆ ಒಳಪೆಡಲು ಹೊಡೆಯುತ್ತಿದ್ದ ಹುಡುಗಿಯನ್ನು ಫ್ರೀ ಬಗ್ಗೆ ಕೇಳಬೇಕೆ? ವಾಪಸ್ ಬಂದೆ. ಅವಳು ಏಳುವಷ್ಟರಲ್ಲಿ ಸರಿಮಾಡಿ ಇಟ್ಟಿರುತ್ತೇನೆ, ಅವಳಿಗೆ ತಿಳಿಯುವುದೇ ಬೇಡ, ಎಂದುಕೊಂಡೆ. ಅದರಲ್ಲಿ ಪ್ರೀತಿ ಎಷ್ಟು, ಜಂಬ ಎಷ್ಟು ಎಂದು ಆಗ ತೂಗಿ ನೋಡಲಿಲ್ಲ.

ಸೀಮೆಎಣ್ಣೆ ಬಿಟ್ಟೆ. ಮಿಷನ್ ಎಣ್ಣೆ ಬಿಟ್ಟೆ. ಸುತ್ತಿಗೆಯಿಂದ ಹಗುರವಾಗಿ ತಟ್ಟಿದೆ, ಆಮೇಲೆ ಹಗುರವಲ್ಲದೆ ತಟ್ಟಿದೆ. ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಗಾಲಿ ಕಳಚಿ ಒರೆಸಿ ನೋಡಿದರೆ, ಅದು ಕಚ್ಚಿದ ಫ್ರೀ ಅಲ್ಲ. ಅಲ್ಲಿ ಫ್ರೀಯೇ ಇರಲಿಲ್ಲ. ಒಳಗೆ ಏನೂ ಇಲ್ಲದ ಗಟ್ಟಿ ಹಲ್ಲಿನ ಬಿಲ್ಲೆಯೊಂದನ್ನು ತಿರುವಿ ಕೂರಿಸಿ, ಮೇಲೊಂದು ಬಳೆ ಬಿಗಿದಿದ್ದರು.

ಆಗ ಸಾವ್ಕಾರರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಇದಕ್ಕ ಫ್ರೀ ಇಲ್ಲಮ್ಮ.

ಅಲ್ಲಿಯೇ ಧೊಪ್ಪನೆ ಕುಳಿತೆ. ಆ ಮನುಷ್ಯ ಮುಚ್ಚಿಟ್ಟಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು, ಒಂದಲ್ಲ ಎರಡು ಸಲ, ಫ್ರೀ ಇಲ್ಲ, ಕಂಪನಿಯವರೇ ಹಾಕಿಲ್ಲ ಎಂದು ಹೇಳಿದ್ದರು. ನಾನೇ ಒಪ್ಪಿಕೊಂಡು ಬಂದಿದ್ದೆ. ಒಡಹುಟ್ಟಿದ ತಂಗಿಯ ಸೈಕಲ್ಲಿನ ಫ್ರೀಯನ್ನು ಒಂದು ನೀರಿನ ಬಾಟಲಿಗೆ ಮಾರಿ ಬಂದಿದ್ದೆ.

ಇನ್ನು ಯೋಚನೆ ಮಾಡುವ ಹಾಗೇ ಇರಲಿಲ್ಲ. ಉಳಿ ಹಚ್ಚಿ, ಸುತ್ತಿಗೆ ಬಡಿದು ಬಳೆ ಬಿಚ್ಚಿದೆ. ಅದರ ತಿರುವು ಉಲ್ಟಾ ಇತ್ತು. ಅದನ್ನು ಕಂಡುಹಿಡಿದ ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಗಟ್ಟಿ ಬಿಲ್ಲೆಯನ್ನು ತೆಗೆದು, ನನ್ನ ಡಬ್ಬದಲ್ಲಿದ್ದ ಹೊಸ ಫ್ರೀಯೊಂದನ್ನು ತಿರುವಿದೆ. ಹೇಳಿ ಮಾಡಿಸಿದಂತೆ ಕೂತಿತು. ಗಾಲಿ ಹಾಕಿ, ಚೈನು ಏರಿಸಿ, ಪೆಡಲು ಉಲ್ಟಾ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹುಲಿಗಿ ಎದ್ದು, ಹೊಸ ಸೈಕಲ್ಲಿಗೆ ಓಣಿಯ ಕೆಸರು ತಾಗಬಾರದೆಂದು ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತುಳಿಯುತ್ತ ತುಳಿಯುತ್ತ ಬಾಣದಂತೆ ಹೋದಳು. ಒಳಗೆ ಬಂದು ಚಹಾಕ್ಕೆ ಇಟ್ಟೆ.

ಚಹಾ ಆರಿತು. ಇನ್ನೊಮ್ಮೆ ಕಾಯಿಸಿದೆ. ಅದೂ ಆರುವ ಹೊತ್ತಿಗೆ ಹುಲಿಗಿ ಸೈಕಲ್ಲು ನೂಕಿಕೊಂಡು ಬಂದಳು. ತಲೆಯಲ್ಲಿ ಬಾಳೆ ಎಲೆಯ ಚೂರು, ಮೊಣಕೈವರೆಗೆ ಕೆಸರು, ಅಂಗೈ ತರಚಿ ಕೆಂಪಾಗಿತ್ತು.

ಆದದ್ದು ಇಷ್ಟು. ಕಾಲುವೆಯ ದಂಡೆಗೆ ಇಳಿಯುವಲ್ಲಿ ರಸ್ತೆ ಜಾರು, ಮುಂದೆ ತಿರುವು. ಈ ಜಾತಿಯ ಸೈಕಲ್ಲಿನಲ್ಲಿ ವೇಗ ಇಳಿಸಬೇಕೆಂದರೆ ತಿರುಗುವ ಪೆಡಲನ್ನು ಕಾಲಿನಿಂದಲೇ ತಡೆದು ಹಿಡಿಯಬೇಕು, ಆಗ ಗಾಲಿಯೂ ತಡೆಯುತ್ತದೆ. ಕಾಲಾಗ ನಿಲ್ಲಸ್ತೀವಿ ಎಂದರೆ ಅದು, ಚಪ್ಪಲಿ ಉಜ್ಜುವುದಲ್ಲ. ಹುಲಿಗಿ ತಡೆದಳು. ಪೆಡಲು ಟಿಕ್ ಟಿಕ್ ಎಂದು ಹಿಂದಕ್ಕೆ ತಿರುಗಿತು, ಗಾಲಿ ಮಾತ್ರ ಮುಂದಕ್ಕೇ ಓಡಿತು. ಬ್ರೇಕೂ ಇಲ್ಲ. ತಿರುವಿನಲ್ಲಿ ನೇರವಾಗಿ ಬಾಳೆತೋಟಕ್ಕೆ ನುಗ್ಗಿದ್ದಾಳೆ. ರಾತ್ರಿ ನೀರು ಹಾಯಿಸಿದ್ದ ಮೆತ್ತನೆಯ ಮಣ್ಣು, ದೇವರು ದೊಡ್ಡವನು. ತೋಟದವನು ಓಡಿ ಬಂದು ಅವಳನ್ನೂ ಮುರಿದ ಗಿಡವನ್ನೂ ನೋಡಿ, ‘ಗೊನಿ ಬಂದ ಗಿಡಕ್ಕ ಹಾಯ್ಬೇಕಿತ್ತೇನು ತಂಗಿ? ಮಗ್ಗಲ್ದಾಗ ಸಣ್ಣದೊಂದು ಇತ್ತಲ್ಲ’ ಎಂದನಂತೆ.

ಹುಲಿಗಿ ಅಂಗಳದಲ್ಲಿ ಸೈಕಲ್ಲು ಮಲಗಿಸಿ, ಹಿಂದಿನ ಗಾಲಿಯನ್ನು ತೋರಿಸಿ ಕೇಳಿದಳು: ‘ಅಕ್ಕ, ಇದಕ್ಕ ಫ್ರೀ ಹೆಂಗ ಬಂತು?’

ಹುಟ್ಟಿದಾಗಿನಿಂದ ನನ್ನ ಬಾಯಿಂದ ಬಾರದಿದ್ದ ಮಾತು ಆಗ ಬೆಣ್ಣೆಯಂತೆ ಜಾರಿ ಬಂತು.

‘ಗೊತ್ತಿಲ್ಲ’ ಎಂದೆ.

ಅವಳು ನಂಬಿದಳು. ನಾನು ಗೊತ್ತಿಲ್ಲ ಎಂದು ಹೇಳಿದ್ದನ್ನು ಅವಳು ಅದುವರೆಗೆ ಕೇಳಿಯೇ ಇರಲಿಲ್ಲವಲ್ಲ, ನಿಜವೇ ಇರಬೇಕು ಎಂದುಕೊಂಡಳು. ಸಾವ್ಕಾರರೇ ಡಬ್ಬಿಯಲ್ಲಿ ಗಾಲಿ ಬದಲಿಸಿದ್ದಾರೆ, ಜೋಡಿಸುವಾಗ ತಾನು ಗಮನಿಸಿಲ್ಲ ಎಂದು ತಾನೇ ಒಂದು ಕಥೆ ಕಟ್ಟಿಕೊಂಡಳು. ಕಥೆ ಕಟ್ಟುವುದರಲ್ಲಿ ಅವಳೂ ನಮ್ಮ ಮನೆಯವಳೇ. ‘ನಡಿ ಹೊಸಪ್ಯಾಟಿಗೆ’ ಎಂದಳು. ನಾನು ಗಟ್ಟಿ ಬಿಲ್ಲೆಯನ್ನೂ ಬಳೆಯನ್ನೂ ಕರವಸ್ತ್ರದಲ್ಲಿ ಸುತ್ತಿ, ನನ್ನ ಬ್ಯಾಗಿನ ತಳದಲ್ಲಿಟ್ಟುಕೊಂಡು ಅವಳ ಹಿಂದೆ ಆಟೋ ಹತ್ತಿದೆ. ಅಂಗಡಿಯಲ್ಲೇ ಎಲ್ಲಾದರೂ ಉದುರಿಸಿ, ನಾನೇ ಕಂಡುಹಿಡಿದಂತೆ ಎತ್ತಿಕೊಡುವುದು ನನ್ನ ಉಪಾಯ.

ಅಂಗಡಿಯಲ್ಲಿ ಹುಲಿಗಿ ದನಿ ಏರಿಸಿದಳು. ‘ನಾಳೆ ನನ್ನ ಓಟ ಐತ್ರಿ. ಕೈಕಾಲು ಮುರದಿದ್ರ ಯಾರು ಜವಾಬ್ದಾರಿ? ನಿಮ್ಮಂಥ ದೊಡ್ಡವರು ಹಿಂಗ ಮೋಸ ಮಾಡಬಹುದೇನ್ರಿ?’

ಸಾವ್ಕಾರರು ಬಯ್ಯಲಿಲ್ಲ. ಕನ್ನಡಕ ಏರಿಸಿಕೊಂಡು ಗಾಲಿ ನೋಡಿದರು. ‘ಈ ಫ್ರೀ ನನ್ನ ಅಂಗಡಿದ ಖರೆ. ಆದ್ರ ಈ ಸೈಕಲ್ ಜೋಡಿ ಹೋಗಿದ್ದಲ್ಲವ್ವ’ ಎಂದರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು. ಹಂಪಿಯ ಸ್ಟ್ಯಾಂಡಿಗೆ ಅದೇ ಜಾತಿಯ ಫ್ರೀಗಳನ್ನು ಕೊಂಡೊಯ್ದವಳು ನಾನೇ. ಅವರಿಗೆ ತಿಳಿದುಹೋಯಿತೆಂದು ನನಗೆ ತಿಳಿಯಿತು. ಹೇಳಿಬಿಡುತ್ತಾರೆಂದು ನೆಲ ನೋಡಿದೆ. ಅವರು ಹೇಳಲಿಲ್ಲ. ‘ಆ ಗಟ್ಟಿ ಹಲ್ಲು ನನ್ನ ಕಡೆ ಇನ್ನೊಂದಿಲ್ಲ ತಂಗಿ. ಬೆಂಗಳೂರಿಂದ ತರಸ್ಬೇಕು, ನಾಳೆ ಅನ್ನೋದ್ರಾಗ ಆಗೂದಲ್ಲ’ ಎಂದಷ್ಟೇ ಹೇಳಿ ಕುಳಿತರು.

ಹುಲಿಗಿಯ ದನಿ ಇಳಿದುಹೋಯಿತು. ಬಯ್ಯುವುದನ್ನು ನಿಲ್ಲಿಸಿ, ತರಚಿದ ಅಂಗೈ ನೋಡಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಳು. ಮಾಡದ ತಪ್ಪಿಗೆ ಅನ್ನಿಸಿಕೊಂಡ ಸಾವ್ಕಾರರು ಒಂದು ಕಡೆ, ಇವಳು ಇನ್ನೊಂದು ಕಡೆ. ನಾನು ಬ್ಯಾಗಿಗೆ ಕೈ ಹಾಕಿ, ಕರವಸ್ತ್ರ ಬಿಚ್ಚಿ, ಬಿಲ್ಲೆಯನ್ನು ಟೈರುಗಳ ರಾಶಿಯ ಹಿಂದೆ ಮೆತ್ತಗೆ ಜಾರಿಸಿದೆ. ಅದು ರಾಶಿಯ ಹಿಂದೆ ಬೀಳುವ ಬದಲು ಹಲ್ಲಿನ ಮೇಲೆ ನಿಂತಿತು. ನಿಂತು, ಉರುಳಿತು. ಅಂಗಡಿಯ ಉದ್ದಕ್ಕೂ ಕಿಣಿಕಿಣಿ ಎನ್ನುತ್ತ ಹೋಗಿ, ಗಲ್ಲಾಪೆಟ್ಟಿಗೆಯ ಕಾಲನ್ನು ಬಳಸಿ, ಎಲ್ಲರೂ ನೋಡುತ್ತಿರುವಂತೆ ಹುಲಿಗಿಯ ಚಪ್ಪಲಿಗೆ ತಾಗಿ ಮಲಗಿತು.

‘ಅಗಾ, ಇಲ್ಲೇ ಐತಲ್ಲ’ ಎಂದೆ ನಾನು.

ಹುಲಿಗಿ ಅದನ್ನು ಎತ್ತಿಕೊಂಡು ನೋಡಿದಳು, ಆಮೇಲೆ ಮೂಗಿನ ಹತ್ತಿರ ಒಯ್ದಳು. ‘ಸೀಮೆಎಣ್ಣಿ ನಾರ್ತೈತಿ’ ಎಂದಳು. ಹೊಸಪೇಟೆಯಲ್ಲಿ ಈಗ ಸೀಮೆಎಣ್ಣೆಯ ಬಾಟಲಿ ಇಟ್ಟುಕೊಂಡವರು ಎಷ್ಟು ಜನ? ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ‘ಅಕ್ಕ?’

ಹೇಳಿದೆ. ಎಲ್ಲ ಹೇಳಿದೆ. ಟಿಕ್ ಟಿಕ್ ಬಾರದ್ದು, ಸುತ್ತಿಗೆ, ಉಳಿ, ಕೊನೆಗೆ ನೀರಿನ ಬಾಟಲಿಗೆ ಫ್ರೀ ಮಾರಿದೆನೆಂದು ತಿಳಿದದ್ದು. ಬಾಟಲಿಯ ಮಾತು ಬಂದಾಗ ಸಾವ್ಕಾರರು ತಡೆಯಲಾರದೆ ನಕ್ಕರು. ಕನ್ನಡಕ ತೆಗೆದು ಪಂಚೆಯಿಂದ ಒರೆಸಿಕೊಂಡು, ಹಾಕಿಕೊಂಡು, ಮತ್ತೆ ನಕ್ಕರು. ‘ನಾ ಹೇಳಿದ್ನಲ್ಲಮ್ಮ, ಹಾಕಿದ್ರ ಕೆಲಸಕ್ಕ ಬರಂಗಿಲ್ಲಂತ.’ ಹುಲಿಗಿ ಮೊದಲು ಅವರಿಗೆ ಕೈ ಮುಗಿದು, ‘ತಪ್ಪಾತ್ರಿ’ ಎಂದಳು. ನನಗೆ ಹೇಳಿದ್ದು ಒಂದೇ ಮಾತು.

‘ನಾ ಮಲಗಿದ್ನೆಕ್ಕ, ಸತ್ತಿದ್ದಿಲ್ಲ. ಒಂದ್ ಮಾತು ಕೇಳಬಾರದಿತ್ತಾ?’

ಕರವಸ್ತ್ರದಲ್ಲಿ ಉಳಿದಿದ್ದ ಬಳೆಯನ್ನು ತೆಗೆದು ಅವಳ ಕೈಗಿಟ್ಟೆ.

ಉಳಿ ತಾಗಿದ ಬಳೆಯನ್ನು ಸಾವ್ಕಾರರು ಅರದಿಂದ ಉಜ್ಜಿ ನೆಟ್ಟಗೆ ಮಾಡಿಕೊಟ್ಟರು. ಹುಲಿಗಿ ಬಿಲ್ಲೆಯನ್ನು ತಿರುವಿ ಬಿಗಿದಳು. ಸಂಜೆ ಬಸ್ಸಿಗೆ ಇಬ್ಬರೂ ಹೊರಟೆವು. ನಾನು ಬರಬೇಕೋ ಬೇಡವೋ ಎಂದು ಅವಳು ಹೇಳಲಿಲ್ಲ. ಸೈಕಲ್ಲಿನ ಡಬ್ಬಿಯ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ಕುಷ್ಟಗಿ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇಳಕಲ್ಲಿನಲ್ಲಿ ಬಸ್ಸು ನಿಂತಾಗ ಬಾಳೆಹಣ್ಣು ಕೊಂಡು ಕೊಟ್ಟೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಸಿಟ್ಟು ನನ್ನ ಮೇಲೋ ಬಾಳೆಯ ಮೇಲೋ ತಿಳಿಯಲಿಲ್ಲ.

ಹುಲಿಗಿ ಆಯ್ಕೆಯಾದಳೋ ಇಲ್ಲವೋ ಎಂದು ಕಾಯಿಸುವುದಿಲ್ಲ. ಆದಳು. ಎಲ್ಲರಿಗಿಂತ ಕೊನೆಗೆ ಅವಳ ಹೆಸರು ಕೂಗಿದರು. ಆದರೆ ಅದು ಸಂಜೆಯ ಮಾತು. ಬೆಳಿಗ್ಗೆ ಆ ಟ್ರ್ಯಾಕನ್ನು ಮೊದಲ ಸಲ ಕಂಡೆ. ದೊಡ್ಡ ಬಾಣಲೆಯ ಹಾಗೆ ಅಂಚು ಮೇಲೆದ್ದ ಸಿಮೆಂಟಿನ ಅಂಗಳ, ಅದರ ಗೋಡೆಯ ಮೇಲೆ ಹುಡುಗಿಯರು ಹಲ್ಲಿಗಳಂತೆ ವಾಲಿಕೊಂಡು ಓಡುತ್ತಿದ್ದರು. ಓಟ ಶುರುವಾಗುವಾಗ ಕಾಲು ಎರಡೂ ಪೆಡಲಿಗೆ ಬಿಗಿದಿರುತ್ತದೆ, ನೆಲಕ್ಕೆ ಊರುವ ಹಾಗಿಲ್ಲ. ಹಾಗಾಗಿ ಹಿಂದಿನಿಂದ ಒಬ್ಬರು ಸೀಟು ಹಿಡಿದು ನಿಲ್ಲಿಸಬೇಕು. ಅವಳ ಸರ್ ಬೇರೆ ಹುಡುಗಿಯನ್ನು ಸಿದ್ಧ ಮಾಡುತ್ತಿದ್ದರು. ಹುಲಿಗಿ ಸುತ್ತ ನೋಡಿದಳು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

‘ಅಕ್ಕ, ನೀನ ಹಿಡಿ’ ಎಂದಳು.

‘ನಾನಾ?’

‘ಹೂಂ. ತಳ್ಳಿದಿ ಅಂದ್ರ ನನ್ನ ಹೊರಗ ಹಾಕ್ತಾರ. ಎಳದ್ರ ಬೀಳ್ತೀನಿ. ಸೀಟಿ ಊದಿದ ಕೂಡ್ಲೆ ಸುಮ್ಮನ ಬಿಟ್ಟುಬಿಡು, ಏನೂ ಮಾಡಬ್ಯಾಡ. ತಿಳೀತಾ?’

ತಿಳಿದಿತ್ತು ಎಂದೇ ಅನ್ನಿಸಿತು. ಆದರೂ, ‘ಇನ್ನೊಂದ್ ಸಲ ಹೇಳು’ ಎಂದೆ.

ಅವಳು ಇನ್ನೊಂದು ಸಲ ಹೇಳಿದಳು, ಒಂದನೆಯ ತರಗತಿಯ ಟೀಚರು ಹೇಳುವಷ್ಟು ನಿಧಾನವಾಗಿ. ಹೇಳುವಾಗ ತುಟಿಯ ತುದಿಯಲ್ಲಿ ನಗೆಯಿತ್ತು. ಹತ್ತಿ ಕೂತಳು. ಅವಳ ಭಾರವೆಲ್ಲ ನನ್ನ ಎರಡು ಕೈಗೆ ಬಂತು. ಒಂದಿಷ್ಟು ಹೀಗೆ ಸರಿಸಲೇ, ಹಾಗೆ ಎತ್ತಲೇ ಎಂದು ಕೈ ತುರಿಸಿತು. ಹಲ್ಲು ಕಚ್ಚಿ ನಿಂತೆ. ಸೀಟಿ ಊದಿದರು. ಬಿಟ್ಟೆ.

ಅವಳು ಹೋದಳು. ಒಂದು ಸುತ್ತು ಮುಗಿಸಿ ನನ್ನ ಮುಂದೆಯೇ ಹಾದುಹೋದಳು, ಇನ್ನೊಂದು ಸುತ್ತೂ ಹೋದಳು. ನಾನು ಅಲ್ಲೇ, ಅದೇ ಗೆರೆಯ ಮೇಲೆ ನಿಂತಿದ್ದೆ. ಕೊರಳಿಗೆ ಸೀಟಿ ಹಾಕಿಕೊಂಡಿದ್ದ ಮನುಷ್ಯ ಹತ್ತಿರ ಬಂದು ಮೆಲ್ಲಗೆ ಹೇಳಿದ: ‘ಅಮ್ಮಾರ, ಸೈಕಲ್ ಹೋಗಿ ಭಾಳ ಹೊತ್ತಾತ್ರಿ. ಕೈ ಇಳಸ್ರಿ.’